ಪಕ್ಕದ ಸೀಟು

“ಇದೇನು ಕಾರೋ ಬೂಟೋ? ಹತ್ತೋದಲ್ಲ, ಕಾಲು ತೂರಿಸ್ಬೇಕು,” ಎಂದು ಗೊಣಗುತ್ತ ಅಪ್ಪ ಕೆಂಪು ಕಾರಿನ ಸ್ಟಿಯರಿಂಗಿನ ಹಿಂದೆ ಇಳಿದು ಕೂತರು.

“ಸ್ಪೋರ್ಟ್ಸ್ ಕೂಪೆ ಅಂದ್ರೆ ಹಾಗೇ ಮೇಷ್ಟ್ರೇ. ಎರಡೇ ಬಾಗಿಲು. ಹಿಂದಿನ ಸೀಟು ಹೆಸರಿಗಷ್ಟೇ,” ಎಂದ ಷೋರೂಮಿನ ಸೇಲ್ಸ್‌ಮನ್. ಹೆಸರಿಗಷ್ಟೇ ಇದ್ದ ಆ ಸೀಟಿನಲ್ಲಿ ಅವನು ಮೊಣಕಾಲುಗಳನ್ನು ಗದ್ದಕ್ಕೆ ಒತ್ತಿಕೊಂಡು ಮುದುರಿದ್ದ. ಹಿಂದೆ ಡ್ರೈವಿಂಗ್ ಸ್ಕೂಲಿನಲ್ಲಿ ಅವನಿಗೆ ಗಾಡಿ ಕಲಿಸಿದವರು ಅಪ್ಪನೇ. ಕ್ಲಚ್ ಮೇಲಿಂದ ಕಾಲು ತೆಗೆಯಲು ಹೆದರುತ್ತಿದ್ದವನಿಗೆ ಅವರು ಕ್ಲಚ್ಚಪ್ಪ ಎಂದು ಹೆಸರಿಟ್ಟಿದ್ದರು.

“ಇದ್ರಲ್ಲಿ ಕ್ಲಚ್ಚೇ ಇಲ್ಲ ಮೇಷ್ಟ್ರೇ.”

“ನಿನ್ನನ್ನ ನೋಡೇ ಮಾಡಿರ್ಬೇಕು ಬಿಡು.”

ಪಕ್ಕದಲ್ಲಿ ಕೂತಿದ್ದ ಮಗಳಿಗೆ ನಗು ಬರಲಿಲ್ಲ. ಅಪ್ಪನ ಹಳೆಯ ಕಾರಿನ ಕೀಲಿ ಅವಳ ಚೀಲದಲ್ಲಿತ್ತು. ಕಳೆದ ತಿಂಗಳು ಅವರು ಆ ಕಾರನ್ನು ಸಿಗ್ನಲ್ಲಿನಲ್ಲೇ ಬಿಟ್ಟು, ಬಾಗಿಲನ್ನೂ ತೆರೆದಿಟ್ಟು, ನಡೆದು ಮನೆಗೆ ಬಂದಿದ್ದರು. ಎಂಜಿನ್ ಓಡುತ್ತಲೇ ಇತ್ತು. ಕೇಳಿದರೆ ಗಾಡಿ ಕೆಟ್ಟಿತ್ತು ಎಂದರು. ಅಂದೇ ಅವಳು ಕೀಲಿ ಎತ್ತಿಟ್ಟಳು. ಆಮೇಲೆ ಮನೆಯಲ್ಲಿ ಮಾತು ಕಡಿಮೆಯಾಯಿತು. ಅವರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತಿದ್ದರು, ಅವಳು ಅವರ ಬೆನ್ನು ನೋಡುತ್ತಿದ್ದಳು. ಕೊನೆಗೆ ಪಂದ್ಯ ಕಟ್ಟಿದವರು ಅವರೇ.

“ಹಳೇ ಗಾಡಿ ಓಡಿಸಿದ್ರೆ ಅಭ್ಯಾಸಬಲ ಅಂತೀಯ. ಗೊತ್ತಿಲ್ಲದ ಗಾಡಿ ಕೊಡು. ಓಡಿಸಿ ತೋರಿಸ್ತೀನಿ. ತಪ್ಪಿದ್ರೆ ಕೀಲಿ ನಿನ್ನದೇ, ನಾನು ಮತ್ತೆ ಕೇಳಲ್ಲ. ತಪ್ಪದಿದ್ರೆ ನನ್ನ ಕೈಗೆ ಕೊಟ್ಟುಬಿಡ್ಬೇಕು.”

ಒಪ್ಪಿಕೊಂಡಿದ್ದಳು. ಆ ಬೆನ್ನು ನೋಡಿ ನೋಡಿ ಸಾಕಾಗಿತ್ತು. ಕೊಳ್ಳುವ ನೆಪ ಹೇಳಿ ಇಬ್ಬರೂ ಷೋರೂಮಿಗೆ ಟೆಸ್ಟ್ ಡ್ರೈವಿಗೆ ಬಂದಿದ್ದರು.

ಕಾರು ಹೊರಟಿತು. ಅಪ್ಪನ ಕೈಗಳು ಸ್ಟಿಯರಿಂಗ್ ಮೇಲೆ ಹಗುರವಾಗಿದ್ದವು. ಗೋದಾಮುಗಳ ಸಾಲು ದಾಟಿ, ಲಾರಿಯೊಂದಕ್ಕೆ ದಾರಿ ಬಿಟ್ಟು, ಮೇಲ್ಸೇತುವೆಯ ತಿರುವನ್ನು ಅವರು ಒಂದೇ ಉಸಿರಿನಲ್ಲಿ ತೆಗೆದುಕೊಂಡರು. ಎಂಜಿನ್ ಕೆಳದನಿಯಲ್ಲಿ ಗುರುಗುಟ್ಟಿತು. ಮಗಳಿಗೆ ಆಶ್ಚರ್ಯವಾಯಿತು. ಅಪ್ಪ ಗಾಡಿ ಓಡಿಸುವುದನ್ನು ಅವಳು ಸರಿಯಾಗಿ ನೋಡಿದ್ದೇ ಅಪರೂಪ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಅವರು ಸದಾ ಪಕ್ಕದ ಸೀಟಿನವರು. ಓಡಿಸುವವರು ಬೇರೆ, ಬೆವರುವವರು ಬೇರೆ. ಅಪ್ಪನ ಕಾಲಡಿ ಒಂದೇ ಒಂದು ಹೆಚ್ಚುವರಿ ಬ್ರೇಕು ಇರುತ್ತಿತ್ತು. ಉಳಿದದ್ದೆಲ್ಲ ಬಾಯಿಮಾತಿನ ಕೆಲಸ.

“ನೋಡಿದ್ಯೇನಮ್ಮ?”

“ನೋಡ್ತಿದೀನಿ ಅಪ್ಪ.”

“ನೋಡ್ತಿದೀನಿ ಅಂತೆ. ಆ ಚೀಲ ಯಾಕೆ ಅಷ್ಟು ಬಿಗಿಯಾಗಿ ಹಿಡ್ಕೊಂಡಿದೀಯ? ನಾನೇನು ಕಳ್ಳನಾ?”

ಕ್ಲಚ್ಚಪ್ಪ ಹಿಂದಿನಿಂದ ಜೋರಾಗಿ ನಕ್ಕ. ಈ ಸಲ ಅವಳೂ ನಕ್ಕಳು. ಕೀಲಿ ಕೊಟ್ಟುಬಿಡೋಣ ಎಂದುಕೊಂಡಳು. ಹಿಡಿತ ತಾನಾಗಿ ಸಡಿಲವಾಯಿತು.

ಮುಂದೆ ಅಂಗಡಿಬೀದಿ. ರಸ್ತೆಯ ಬಿಳಿ ಪಟ್ಟೆಗಳ ಮೇಲೆ ಎರಡೂ ಕೈಯಲ್ಲಿ ಸಾಮಾನಿನ ಚೀಲ ಹಿಡಿದ ಹೆಂಗಸೊಬ್ಬಳು ಕಾಲಿಟ್ಟಳು. ಅಪ್ಪ ಅವಳನ್ನು ಎಲ್ಲರಿಗಿಂತ ಮೊದಲೇ ನೋಡಿದರು. ಸ್ಟಿಯರಿಂಗ್‌ನಿಂದ ಒಂದು ಕೈ ತೆಗೆದು, ಬೆರಳು ಮಾಡಿ ತೋರಿಸಿದರು.

“ಅಲ್ಲಿ ನೋಡು. ಗಾಬರಿ ಬೇಡ. ಬ್ರೇಕ್ ಒತ್ತು, ಮೆಲ್ಲಗೆ.”

ಅವರ ಎಡಗಾಲು ಬರಿಯ ನೆಲವನ್ನು ಗಟ್ಟಿಯಾಗಿ ಒತ್ತಿ ಹಿಡಿದಿತ್ತು. ಬಲಗಾಲು ಇದ್ದಲ್ಲೇ ಇತ್ತು.

“ಅಪ್ಪಾ!”

ಕಾರು ಕಿರ್ರೆಂದು ಕೂಗಿ ತಾನಾಗಿಯೇ ನಿಂತಿತು. ಬೆಲ್ಟು ಎದೆಗೆ ಕಚ್ಚಿತು. ಮಗಳು ನಡುವೆ ಇದ್ದ ಪಾರ್ಕಿಂಗ್ ಬ್ರೇಕಿನ ಗುಂಡಿ ಎಳೆದಳು. ಹೆಂಗಸು ಬಾನೆಟ್ಟಿಗೆ ಗುದ್ದಿ, “ಕಣ್ಣು ಮನೇಲಿ ಇಟ್ಟು ಬಂದ್ಯೇನೋ ಮುದುಕಾ!” ಎಂದು ಬೈದು ಹೋದಳು.

“ನೋಡಿದ್ರಾ ಅಕ್ಕ! ಡ್ರೈವರ್ ಮರೆತ್ರೂ ಗಾಡಿ ಮರೆಯಲ್ಲ! ಬೇರೆ ಯಾವ ಗಾಡೀಲಿದೆ ಹೇಳಿ?” ಕ್ಲಚ್ಚಪ್ಪನ ದನಿಯಲ್ಲಿ ಸಂಭ್ರಮವಿತ್ತು.

ಅಪ್ಪ ಮಗಳತ್ತ ತಿರುಗಿದರು. ಸಿಟ್ಟಿರಲಿಲ್ಲ, ಕಲಿಸುವವರ ತಾಳ್ಮೆಯಿತ್ತು. “ಯಾಕಮ್ಮ ಒತ್ತಲಿಲ್ಲ?”

ಹಿಂದೆ ಹಾರ್ನುಗಳು ಶುರುವಾದವು. ಅಪ್ಪ ಗಾಳಿಯಲ್ಲಿ ಉಳಿದಿದ್ದ ತಮ್ಮ ಬೆರಳನ್ನು ನೋಡಿಕೊಂಡರು. ಆಮೇಲೆ ಎದುರಿಗಿದ್ದ ಸ್ಟಿಯರಿಂಗನ್ನು, ಯಾರೋ ಈಗಷ್ಟೇ ತಂದಿಟ್ಟಿದ್ದಾರೆ ಎಂಬಂತೆ.

“ಬ್ರೇಕು ಯಾರ ಹತ್ರ ಇತ್ತು?”

ನನ್ನ ಹತ್ರ ಎಂದರೆ ನಂಬಿಬಿಡುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಹಾಗೆಂದರೆ ಪಂದ್ಯವೂ ಅವರದೇ. ಸಂಜೆಯೇ ಕೀಲಿ ಕೇಳುತ್ತಾರೆ. ನಾಳೆ ಇದೇ ಬೀದಿಗೆ, ತಾನಾಗಿ ನಿಲ್ಲದ ಆ ಹಳೆಯ ಕಾರು ಬರುತ್ತದೆ.

“ನಿಮ್ಮ ಹತ್ರ ಅಪ್ಪ.”

ಅವರು ಬಾಗಿಲಿನ ಹಿಡಿಗಾಗಿ ಸ್ವಲ್ಪ ಹೊತ್ತು ತಡಕಾಡಿ, ಕೆಳಗಿಳಿದು, ಉದ್ದನೆಯ ಬಾನೆಟ್ಟಿಗೆ ಕೈಯೂರಿಕೊಂಡು ಈ ಕಡೆಗೆ ನಡೆದು ಬಂದರು. ಅವಳೂ ಇಳಿದಳು. ಕಾರಿನ ಮುಂದೆ ಇಬ್ಬರೂ ಎದುರಾದಾಗ ಅವರು ಪಕ್ಕಕ್ಕೆ ಸರಿದು, ಅಪರಿಚಿತರಿಗೆ ಬಿಡುವಂತೆ ದಾರಿ ಬಿಟ್ಟರು.

“ಮೇಷ್ಟ್ರೇ, ಕೆಂಪೇ ಇರ್ಲಾ? ಬೂದು ಬಣ್ಣದ್ದೂ ಇದೆ,” ಎಂದ ಕ್ಲಚ್ಚಪ್ಪ. ಅಪ್ಪ ಪಕ್ಕದ ಸೀಟಿಗೆ ಇಳಿದು ಕೂತು ಬೆಲ್ಟು ಹಾಕಿಕೊಂಡರು. ಅವನಿಗೂ ಏನೋ ಹೊಳೆದಿರಬೇಕು, ಮೊಣಕಾಲುಗಳನ್ನು ಮತ್ತೆ ಗದ್ದಕ್ಕೆ ಎಳೆದುಕೊಂಡ.

ಮಗಳು ಗಾಡಿ ಹೊರಡಿಸಿದಳು. ಗೇರು, ತಿರುವು, ವೇಗ ಎಂದು ಪಕ್ಕದಿಂದ ಏನಾದರೂ ಮಾತು ಬಂದೀತೆಂದು ಕಾದಳು. ಬರಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಓರೆಗಣ್ಣಿನಿಂದ ನೋಡಿದಳು. ಅಪ್ಪ ಎರಡೂ ಪಾದಗಳನ್ನು ಸೀಟಿನ ಅಡಿಗೆ ಎಳೆದುಕೊಂಡು, ಯಾವುದಕ್ಕೂ ತಾಗದಂತೆ ಇಟ್ಟುಕೊಂಡು ಕೂತಿದ್ದರು.