ಬೆನ್ನಷ್ಟೇ ಕಾಣುವ ಸೀಟು

ನಾನು ಒಂದು ಕ್ರೂಸರ್ ಬೈಕು, ಹುಟ್ಟು ಸೋಮಾರಿ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ, ನನ್ನನ್ನು ಮಾಡಿದವರೇ ಹಾಗೆ ಮಾಡಿದರು. ಕಾರ್ಖಾನೆಯ ಉದ್ದನೆಯ ಸಾಲಿನಲ್ಲಿ ನಾನಿನ್ನೂ ಬರೀ ಕಬ್ಬಿಣದ ಎಲುಬಾಗಿದ್ದಾಗ, ಪಕ್ಕದ ಸಾಲಿನಲ್ಲಿ ಓಟದ ಬೈಕುಗಳು ಮೂಗು ಮುಂದೆ ಚಾಚಿ ಹುಟ್ಟುತ್ತಿದ್ದವು. ನನಗೆ ಮಾತ್ರ ಸೀಟು ತಗ್ಗಿಸಿದರು, ಹ್ಯಾಂಡಲ್ ಅಗಲ ಮಾಡಿ ಸವಾರನ ಕಡೆಗೆ ಬಾಗಿಸಿದರು, ಕಾಲಿಡುವ ಜಾಗವನ್ನು ಮುಂದಕ್ಕೆ ತಳ್ಳಿದರು. ಆರಾಮಕುರ್ಚಿಗೆ ಚಕ್ರ ಕಟ್ಟಿದರೆ ಹೇಗೋ ಹಾಗೆ ನಾನು. ಕುಳಿತವರು ಹಿಂದಕ್ಕೊರಗಿ ದೂರದ ಆಕಾಶ ನೋಡುತ್ತ ಹೋಗಲೆಂದೇ ನನ್ನ ಜನ್ಮ. ಮೊದಲ ಸಲ ಎಂಜಿನ್ ಮಿಡಿದಾಗ ನನಗೆ ಕಂಡದ್ದು ಒಂದು ಕನಸು: ಯಾವುದೋ ಉದ್ದನೆಯ ರಸ್ತೆ, ಎರಡೂ ಕಡೆ ಕಪ್ಪು ಹೊಲ, ಕೊನೆಯಲ್ಲಿ ನೀರಿನ ಹೊಳಪು.

ಕನಸು ಅಷ್ಟು ಬೇಗ ಕೈಗೆಟುಕಲಿಲ್ಲ. ಮೊದಲ ಯಜಮಾನ ಗದಗಿನ ಎಣ್ಣೆ ಗಿರಣಿ ಮಾಲೀಕರ ಮಗ ಅಭಯ ಕೊಠಾರಿ. ಆಳೆತ್ತರದ ಹುಡುಗ. ನನ್ನ ಮೇಲೆ ಕೂತರೆ ಅವನ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತಿತ್ತು, ಆದರೂ ಕಪ್ಪು ಕನ್ನಡಕ ಹಾಕಿದರೆ ಎಲ್ಲ ಮರೆಯುತ್ತಿದ್ದ. ದಿನಾ ಬೆಳಿಗ್ಗೆ ಕೊಳವೆ ಹಿಡಿದು ನನ್ನನ್ನು ಮದುಮಗನ ಹಾಗೆ ಮೀಯಿಸುವನು, ಸಂಜೆ ಸ್ಟೇಷನ್ ರಸ್ತೆಯ ಜ್ಯೂಸ್ ಅಂಗಡಿ ಮುಂದೆ ನಿಲ್ಲಿಸಿ ಒರಗುವನು. ಅಲ್ಲಿಗೆ ನಮ್ಮ ಪ್ರವಾಸ ಮುಗಿಯಿತು. ನೀರು ಕುಡಿದು ಕುಡಿದು ನನ್ನ ಬೇರಿಂಗುಗಳು ಗೊಣಗತೊಡಗಿದವು. ಅವನ ಮದುವೆ ನಿಶ್ಚಯವಾಯಿತು, ಮನೆಗೆ ಕಾರು ಬಂತು, ನಾನು ಬೇಡವಾದೆ.

ಅವನ ಮದುವೆಯ ಕೋಟು ಹೊಲಿದವರು ಬೆಟಗೇರಿಯ ಸೋಪಾನರಾವ್ ಮಹೇಂದ್ರಕರ. ಕೋಟಿನ ಅಳತೆ ಸರಿಯಾಗಿದೆಯೇ ನೋಡಲು ಅಭಯ ನನ್ನನ್ನೇರಿಕೊಂಡು ಅವರ ಅಂಗಡಿಗೆ ಹೋಗಿದ್ದ. ಅಭಯ ಒಳಗೆ ಕನ್ನಡಿ ನೋಡಿಕೊಳ್ಳುತ್ತಿದ್ದಾಗ ಸೋಪಾನರಾವ್ ಹೊರಗೆ ಬಂದು, ಸುಮ್ಮನೆ ಒಮ್ಮೆ ನನ್ನ ಮೇಲೆ ಕೂತರು. ವರ್ಷಗಟ್ಟಲೆ ಹೊಲಿಗೆ ಮಷಿನ್ ಮುಂದೆ ಬಗ್ಗಿ ಬಗ್ಗಿ ಕುಡುಗೋಲಾಗಿದ್ದ ಬೆನ್ನು ನಿಧಾನವಾಗಿ ನೆಟ್ಟಗಾಯಿತು. ಅವರು ಕಣ್ಣು ಮುಚ್ಚಿ ಉಸಿರು ಬಿಟ್ಟದ್ದು ನನಗೆ ಟ್ಯಾಂಕಿನ ತನಕ ಕೇಳಿಸಿತು. ಅವತ್ತೇ ನಾನು ಅವರವನಾಗಿಬಿಟ್ಟೆ, ಕಾಗದಪತ್ರ ಆಮೇಲೆ ಆಯಿತು.

ಸೋಪಾನರಾವ್ ನನ್ನನ್ನು ನೋಡಿಕೊಂಡ ರೀತಿ ದರ್ಜಿಗಳು ಮಾತ್ರ ನೋಡಿಕೊಳ್ಳಬಲ್ಲ ರೀತಿ. ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಡುವ ಉದ್ದ ಮೂಗಿನ ಕುಪ್ಪಿ ಇರುತ್ತದಲ್ಲ, ಬೆಳಿಗ್ಗೆ ಮಷಿನ್ನಿಗೆ ಎಣ್ಣೆ ಬಿಟ್ಟ ಮೇಲೆ ಅದೇ ಕುಪ್ಪಿ ಹಿಡಿದು ನನ್ನ ಚೈನಿನ ಪ್ರತಿ ಕೊಂಡಿಗೂ ಒಂದೊಂದು ಹನಿ ಬಿಡುವರು. ಎಂಥ ಪ್ರೀತಿ! ಆದರೆ ನೀರಿನಂಥ ಆ ತೆಳ್ಳನೆಯ ಎಣ್ಣೆ ಚೈನು ತಿರುಗುತ್ತಲೇ ಸಿಡಿದು, ಹಿಂದೆ ಕೂತ ಅವರ ಹೆಂಡತಿ ವೇಣುಬಾಯಿಯವರ ಸೀರೆಯ ಅಂಚಿಗೆ ಕಪ್ಪು ಚುಕ್ಕಿ ಇಡುತ್ತಿತ್ತು. ಚೈನು ಒಣಗಿ ಕರಕರ ಎನ್ನುತ್ತಿತ್ತು. ಕಡೆಗೊಂದು ದಿನ ಮುಳಗುಂದ ನಾಕಾದ ಹತ್ತಿರ ಕಳಚಿಕೊಂಡು ಬಿತ್ತು. ಮೆಕ್ಯಾನಿಕ್ ದಾದಾಪೀರ್ ವಿಷಯ ಕೇಳಿ ನೆಲದ ಮೇಲೆ ಕೂತು ನಕ್ಕ. ಇದಕ್ಕೆ ಗಟ್ಟಿ ಎಣ್ಣೆ ಬೇಕು ಎಂದು ಹೇಳಿ ಹೊಸ ಚೈನು ಹಾಕಿಕೊಟ್ಟ. ವೇಣುಬಾಯಿ ಸೀರೆ ಬಿಟ್ಟು, ಪ್ರಯಾಣಕ್ಕೆಂದೇ ತಾವೇ ಮಷಿನ್ ತುಳಿದು ಒಂದು ಚೂಡಿದಾರ ಹೊಲಿದುಕೊಂಡರು.

ಅವರ ಮನೆತನದಲ್ಲಿ ಕಾರ್ತಿಕ ಏಕಾದಶಿಗೆ ಪಂಢರಪುರಕ್ಕೆ ಹೋಗುವ ರೂಢಿ. ಪ್ರತಿ ವರ್ಷ ಬಸ್ಸಿನಲ್ಲಿ ನೂಕುನುಗ್ಗಲು ಸಾಕಾಗಿತ್ತು. ಈ ಸಲ ಇಬ್ಬರೂ ಗಾಡಿಯ ಮೇಲೆ ಹೋಗೋಣವೆಂದರು ಸೋಪಾನರಾವ್. ರೋಣ ದಾಟಿದೆವು. ಎರಡೂ ಕಡೆ ಕಪ್ಪು ಹೊಲ, ನಡುವೆ ನೆಟ್ಟಗಿನ ರಸ್ತೆ. ಇದೇ, ಇದೇ ನನ್ನ ಕನಸು ಎಂದು ನನ್ನ ಎಂಜಿನ್ ಹಾಡತೊಡಗಿತು. ಸೋಪಾನರಾವ್ ಕೂಡ ವಿಠಲನ ಅಭಂಗ ಗುನುಗುತ್ತಿದ್ದರು. ಹಿಂದಿನ ಸೀಟಿನಿಂದ ಮಾತ್ರ ಸದ್ದಿಲ್ಲ.

ನನ್ನ ಬಗ್ಗೆ ಒಂದು ನಿಜ ಹೇಳಬೇಕು. ಮುಂದೆ ಕೂತವರಿಗೆ ನಾನು ತೊಟ್ಟಿಲು, ಹಿಂದೆ ಕೂತವರಿಗೆ ಶಿಕ್ಷೆ. ನನ್ನ ಹಿಂದಿನ ಸೀಟು ಅಂಗೈಯಗಲ. ಒರಗಲು ಏನೂ ಇಲ್ಲ. ರಸ್ತೆಯ ಪ್ರತಿ ಗುಂಡಿಯೂ ನೇರ ಬೆನ್ನುಮೂಳೆಗೆ ಹೋಗುತ್ತದೆ. ಬಾಗಲಕೋಟೆಗೆ ಬರುವಷ್ಟರಲ್ಲಿ ವೇಣುಬಾಯಿ ಸುಸ್ತಾಗಿದ್ದರು. ವಿಜಯಪುರದಲ್ಲಿ ಇಳಿದಾಗ ಅವರಿಗೆ ನೆಟ್ಟಗೆ ನಿಲ್ಲಲಾಗಲಿಲ್ಲ. ಕೊನೆಗೆ ಅವರು ಬಸ್ಸು ಹತ್ತಿದರು. ಸೋಪಾನರಾವ್ ನನ್ನನ್ನು ಆ ಬಸ್ಸಿನ ಹಿಂದೆಯೇ ಓಡಿಸಿದರು. ಬಸ್ಸಿನ ಹೊಗೆ ಕುಡಿಯುತ್ತ, ಹಿಂದಿನ ಕಿಟಕಿಯಲ್ಲಿ ಕಾಣುವ ಹೆಂಡತಿಯ ಮುಖ ನೋಡುತ್ತ ಅವರು ಪಂಢರಪುರ ಮುಟ್ಟಿದರು. ಅಭಂಗ ನಿಂತುಹೋಗಿತ್ತು. ಜೊತೆಗೆ ಹೋಗಬೇಕೆಂದು ಹೊರಟವರು ಬೇರೆ ಬೇರೆ ಹೋಗಿ ಬಂದರಲ್ಲ ಎಂದು ನನಗೂ ಸಂಕಟವಾಯಿತು.

ಊರಿಗೆ ಬಂದ ಮೇಲೆ ಸೋಪಾನರಾವ್ ನನ್ನ ಹಿಂದಿನ ಸೀಟಿನ ಮೇಲೆ ಯುದ್ಧ ಸಾರಿದರು. ಕೈಯಲ್ಲಿ ಕತ್ತರಿ ಇರುವವರಿಗೆ ಜಗತ್ತಿನ ಎಲ್ಲ ತೊಂದರೆಯೂ ಹೊಲಿಗೆಯಿಂದ ಸರಿಹೋಗುತ್ತದೆಂಬ ನಂಬಿಕೆ. ಸ್ಪಂಜು ತೆಗೆದು ದಪ್ಪ ಸ್ಪಂಜು ಹಾಕಿದರು. ಹಳೆ ಗಾದಿಯ ಅರಳೆ ತುಂಬಿದರು. ನಡುವೆ ತಗ್ಗು ಬಿಟ್ಟು, ಅಂಚು ಏರಿಸಿ, ಜೋಡಿ ಹೊಲಿಗೆ ಹಾಕಿದರು. ಪ್ರತಿ ಸಲವೂ ವೇಣುಬಾಯಿಯವರನ್ನು ಕೂರಿಸಿ, ಬ್ಲೌಸಿನ ಅಳತೆ ಕೇಳುವ ಹಾಗೆ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಕೇಳುವರು. ಅವರು ಚಲೋ ಐತಿ ಎನ್ನುವರು. ಮುಂದಿನ ಪ್ರತಿ ಕಾರ್ತಿಕದಲ್ಲೂ ವಿಜಯಪುರದಲ್ಲಿ ಬಸ್ಸು ಹತ್ತುವರು.

ಕಡೆಗೆ ಸೋಪಾನರಾವ್ ಒಂದು ತೀರ್ಮಾನಕ್ಕೆ ಬಂದರು. ನನ್ನನ್ನು ಕೊಟ್ಟು ಟೂರಿಂಗ್ ಬೈಕು ತರುವುದು. ದೂರ ಪ್ರಯಾಣಕ್ಕೆಂದೇ ಮಾಡಿದ ಗಾಡಿ, ಹಿಂದೆ ಕೂತವರು ಸೋಫಾದಲ್ಲಿ ಕೂತಂತೆ ಕೂರಬಹುದು ಎಂದು ದಾದಾಪೀರ್ ಹೇಳಿದ್ದ. ಆ ರಾತ್ರಿ ಊಟವಾದ ಮೇಲೆ ಸೋಪಾನರಾವ್ ಹೊರಗೆ ಬಂದು ನನ್ನ ಟ್ಯಾಂಕಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು. ಅವರ ಬೆನ್ನು ಮತ್ತೆ ಬಾಗಿತ್ತು. ನನಗೆ ಸಿಟ್ಟು ಬರಲಿಲ್ಲ. ಆದರೆ ಹೆದರಿಕೆಯಾಯಿತು, ಅದನ್ನು ಮುಚ್ಚಿಡಲಾರೆ.

ಹುಬ್ಬಳ್ಳಿಯ ಒಂದು ಬೈಕು ಮಳಿಗೆಯ ಮುಂದೆ ನನ್ನನ್ನು ನಿಲ್ಲಿಸಿದರು. ಹೊಸ ಗಾಡಿಯನ್ನು ಅವರಿಗೆ ತೋರಿಸಲೆಂದು ಹೊರಗೆ ತಂದು ನನ್ನ ಪಕ್ಕದಲ್ಲೇ ಇಟ್ಟಿದ್ದರು. ಎತ್ತರದ ಗಾಡಿ. ಮುಂದೆ ಗಾಳಿ ತಡೆಯುವ ಗಾಜು, ಎರಡೂ ಬದಿಗೆ ಸಾಮಾನಿನ ಪೆಟ್ಟಿಗೆ, ಹಿಂದೆ ಅಗಲವಾದ ಸೀಟು, ಒರಗಲು ದಿಂಬು. ಕಣ್ಣು ಕುಕ್ಕುವಷ್ಟು ಚೆನ್ನಾಗಿತ್ತು. ನಾನು ಹೊಟ್ಟೆಕಿಚ್ಚು ಪಡಲೂ ಆಗದೆ ಸುಮ್ಮನೆ ನಿಂತೆ.

ಸೋಪಾನರಾವ್ ಮುಂದೆ ಕೂತು, ವೇಣುಬಾಯಿಯವರನ್ನು ಹಿಂದೆ ಹತ್ತಿಸಿಕೊಂಡರು. ಹೇಗಿದೆ ಎಂದು ಕೇಳಿದರು. ವೇಣುಬಾಯಿ ದಿಂಬಿಗೆ ಒರಗಿ ನೋಡಿದರು, ಕಾಲಿಟ್ಟು ನೋಡಿದರು. ಆಮೇಲೆ ಮೆಲ್ಲಗೆ ಅಂದರು: “ಸೀಟು ಚಲೋ ಐತಿ. ಆದ್ರ ಇಲ್ಲಿಂದ ನನಗ ಏನ್ ಕಾಣ್ತೈತಿ ಹೇಳ್ರಿ. ನಿಮ್ಮ ಬೆನ್ನು. ನೀವು ಅಂಗಡ್ಯಾಗ ಮುಂದ ಕುಂತು ಹೊಲೀತೀರಿ, ನಾ ಹಿಂದ ಕುಂತು ಗುಂಡಿ ಹಚ್ಚತೀನಿ. ಆ ಬೆನ್ನು ನೋಡಾಕ ಪಂಢರಪುರದ ತನಕ ಯಾಕ ಹೋಗಬೇಕು?”

ಸೋಪಾನರಾವ್ ಹಿಂದೆ ತಿರುಗಿದರು. ಹಾಗಾದರೆ ಏನು ಬೇಕು ಎಂದು ಕೇಳಿದರು.

“ನನಗ ಮುಂದ ಕುಂದ್ರಬೇಕಾಗೈತಿ.”

ಮಾರುವವನು ನಕ್ಕು, ಕೂತು ನೋಡಿ ಎಂದ. ವೇಣುಬಾಯಿ ಮುಂದಿನ ಸೀಟಿಗೆ ಬಂದರು. ಅವರು ಕುಳ್ಳಗಿನ ಹೆಂಗಸು. ಹೆಬ್ಬೆರಳ ತುದಿ ಕೂಡ ನೆಲಕ್ಕೆ ಎಟುಕಲಿಲ್ಲ, ಗಾಡಿ ಒಂದು ಕಡೆಗೆ ವಾಲಿತು, ಇಬ್ಬರು ಹಿಡಿದುಕೊಂಡರು. ವೇಣುಬಾಯಿ ಇಳಿದು, ನೆಟ್ಟಗೆ ಬಂದು ನನ್ನ ಮೇಲೆ ಕೂತರು. ಎರಡೂ ಅಂಗಾಲು ನೆಲದ ಮೇಲೆ ಊರಿದವು. ಕಾರ್ಖಾನೆಯವರು ನನ್ನನ್ನು ಯಾಕೆ ಕುಳ್ಳ ಮಾಡಿದರೆಂದು ನನಗೆ ಅವತ್ತು ತಿಳಿಯಿತು.

ಊರಿನ ಗಂಡಸರ ಸೊಂಟ, ತೊಡೆ, ಕಾಲಿನ ಉದ್ದ ಎಲ್ಲ ಟೇಪಿನಲ್ಲಿ ಅಳೆದವರು ಸೋಪಾನರಾವ್. ಹೆಂಡತಿಯ ಕಾಲು ಎಲ್ಲಿಗೆ ಎಟುಕುತ್ತದೆಂದು ಒಮ್ಮೆಯೂ ನೋಡಿರಲಿಲ್ಲ. ಹೊಸ ಗಾಡಿಯ ಮಾತು ಅಲ್ಲಿಗೇ ನಿಂತಿತು. ಆದರೆ ವೇಣುಬಾಯಿಯವರನ್ನು ಮತ್ತೆ ಹಿಂದೆಯೇ ಕೂರಿಸಿಕೊಂಡು ಗದಗಿನ ದಾರಿ ಹಿಡಿದರು. ಬೆಟಗೇರಿಯ ಜನ ಏನನ್ನುತ್ತಾರೋ, ಹೆಂಡತಿಯ ಹಿಂದೆ ಕೂತ ದರ್ಜಿ ಎಂದು ನಗುತ್ತಾರೋ ಎಂಬ ಅಳುಕು ಅವರ ಕೈಯಿಂದ ನನ್ನ ಹ್ಯಾಂಡಲ್ಲಿಗೂ ಇಳಿಯಿತು. ನಾನು ಇಬ್ಬರ ಭಾರ ಹೊತ್ತುಕೊಂಡು ಓಡಿದೆ.

ಅಣ್ಣಿಗೇರಿ ದಾಟಿದ ಮೇಲೆ, ಹತ್ತಿ ಹೊಲದ ನಡುವೆ, ಸೋಪಾನರಾವ್ ನನ್ನನ್ನು ನಿಲ್ಲಿಸಿದರು. ಇಳಿದರು. ಕೀಲಿ ತೆಗೆದು ಹೆಂಡತಿಯ ಕೈಗಿಟ್ಟರು.

“ಮಷಿನ್ ತುಳಿಯೂ ಕಾಲು ನಿಂದು. ಗೇರ್ ಏನ್ ದೊಡ್ಡ ಮಾತು? ಹತ್ತು.”

ಇಷ್ಟು ದಿನ ಗೇರಿಲ್ಲದ ಸ್ಕೂಟಿಯ ಮೇಲೆ ದಾರ, ಗುಂಡಿ ತರಲು ಪೇಟೆಗೆ ಹೋಗುತ್ತಿದ್ದ ವೇಣುಬಾಯಿಗೆ ಕ್ಲಚ್ ಹೊಸದು. ಮೊದಲ ಸಲ ನಾನು ಕಪ್ಪೆಯಂತೆ ನೆಗೆದು ನಿಂತುಬಿಟ್ಟೆ. ಎರಡನೆಯ ಸಲವೂ ಅಷ್ಟೇ. ಒಮ್ಮೆ ಹತ್ತಿ ಹೊಲಕ್ಕೇ ನುಗ್ಗಿ ಮಗ್ಗಲಾದೆ. ಬಲಗಡೆಯ ಕಬ್ಬಿಣ ಗೀಚಿತು, ಆ ಗಾಯ ನನಗೆ ಪದಕವಿದ್ದಂತೆ. ಆಮೇಲೊಮ್ಮೆ ಕ್ಲಚ್ ನಿಧಾನವಾಗಿ ಬಿಟ್ಟರು. ನಾನು ಸೋಮಾರಿಯಾಗಿದ್ದದ್ದು ಆಗ ಉಪಯೋಗಕ್ಕೆ ಬಂತು. ಅವಸರ ಮಾಡದೆ, ತೇಲಿಕೊಂಡು ಹೋಗುವ ಹಾಗೆ ಹೊರಟೆ. ಹಿಂದಿನಿಂದ ಸೋಪಾನರಾವ್ ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬರುತ್ತಿದ್ದರು. ಹೆಂಡತಿ ಬೀಳುತ್ತಾಳೆಂದು ಓಡುತ್ತಿದ್ದರೋ, ಬಿಟ್ಟುಹೋಗುತ್ತಾಳೆಂದೋ, ನನಗೆ ಗೊತ್ತಿಲ್ಲ.

ಬೆಟಗೇರಿ ನಕ್ಕಿತು, ನಿಜ. ಒಂದೆರಡು ವಾರ ನಕ್ಕು ಸಾಕಾಗಿ ಸುಮ್ಮನಾಯಿತು. ಆ ಕಾರ್ತಿಕದಲ್ಲಿ ವೇಣುಬಾಯಿ ಮುಂದೆ, ಸೋಪಾನರಾವ್ ಹಿಂದೆ. ಕೊಲ್ಹಾರದ ಸೇತುವೆ ಮೇಲೆ ವೇಣುಬಾಯಿ ನನ್ನನ್ನು ನಿಲ್ಲಿಸಿದರು. ಕೆಳಗೆ ಕೃಷ್ಣೆ ಎರಡೂ ಕಡೆ ಹರಡಿಕೊಂಡು ಆಕಾಶಕ್ಕೆ ಅಂಟಿತ್ತು. ಮೊದಲ ಸಲ ಅಲ್ಲಿ ನಿಂತು ನೋಡಿದಾಗ, ನಾನು ಹುಟ್ಟುವಾಗ ಕಂಡ ಹೊಳಪು ಅದೇ ಇರಬೇಕು ಅನಿಸಿತು. ಇಷ್ಟು ವರ್ಷ ಇದರ ಮ್ಯಾಲೇ ಹೋಗೀನಿ, ಇಷ್ಟು ನೀರು ಐತಂತ ಗೊತ್ತೇ ಇರಲಿಲ್ಲ ಎಂದರು ವೇಣುಬಾಯಿ. ಸೋಪಾನರಾವ್ ಸೊಂಟ ಹಿಡಿದುಕೊಂಡು, ಹಲ್ಲು ಕಚ್ಚಿ ಇಳಿದರು.

“ವೇಣು, ಈ ಸೀಟಿನ ಮ್ಯಾಲೆ ಹ್ಯಾಂಗ ತಡಕೊಂಡಿ ಇಷ್ಟು ವರ್ಷ? ಒಂದಿನಾನೂ ಬಾಯಿ ಬಿಡಲಿಲ್ಲಲ್ಲ.”

“ನೀವು ಅಷ್ಟು ಪ್ರೀತಿಲೆ ಹೊಲೀತಿದ್ರಿ. ಏನಂತ ಹೇಳ್ಲಿ?”

ಸೋಪಾನರಾವ್ ಆ ಕಡೆ ಮುಖ ಮಾಡಿ ನೀರು ನೋಡುತ್ತ ನಿಂತರು. ಅವರ ಕಣ್ಣಲ್ಲಿ ನೀರಿತ್ತು. ಅವತ್ತು ಯಾರೂ ಬಸ್ಸು ಹತ್ತಲಿಲ್ಲ. ಗಳಿಗೆಗೊಮ್ಮೆ ಇಳಿದು, ಚಹಾ ಕುಡಿದು, ಬೆನ್ನು ತಿಕ್ಕಿಸಿಕೊಂಡು, ಮತ್ತೆ ಹತ್ತಿ, ಇಬ್ಬರೂ ಸಂಜೆ ಭೀಮೆಯ ದಂಡೆ ಮುಟ್ಟಿದರು. ಊರಿಗೆ ಮರಳಿದ ಮೇಲೆ ಸೋಪಾನರಾವ್ ಮತ್ತೆ ಕತ್ತರಿ ತೆಗೆದುಕೊಂಡು ಆ ಸೀಟು ಬಿಚ್ಚಿದರು, ಈ ಸಲ ತಮ್ಮ ಅಳತೆಗೆ.

ಹಾಗೆ ಎಷ್ಟೋ ಕಾರ್ತಿಕಗಳು ಕಳೆದವು. ಈಗ ನಾನು ಮುದುಕ. ಅಂಗಡಿಯ ಪಕ್ಕದ ಮೆಟ್ಟಿಲ ಕೆಳಗೆ ನನ್ನ ಜಾಗ. ಕೋಟಿನ ಒಳಬಟ್ಟೆ ಜೋಡಿಸಿ ಹೊಲಿದ ಹೊದಿಕೆ ಮೈಮೇಲಿದೆ. ಕಣ್ಣು ಮುಚ್ಚಿದರೆ ರಸ್ತೆ ತಾನಾಗಿ ಓಡುತ್ತದೆ, ಎಚ್ಚರ ಯಾವುದು ಕನಸು ಯಾವುದು ಎಂದು ಒಮ್ಮೊಮ್ಮೆ ತಿಳಿಯುವುದಿಲ್ಲ. ಸವಾರನಿಗೆ ಗಾಡಿ ಹೊಂದಬೇಕು ಎನ್ನುತ್ತಾರೆ. ನಾನು ಕಂಡಂತೆ, ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಟ್ಟರೆ ಯಾವ ಗಾಡಿಯೂ ಹೊಂದುತ್ತದೆ.

ಮೊನ್ನೆ ಹಳೆಯ ಕ್ರೂಸರುಗಳನ್ನು ಕೂಡಿಹಾಕುವ ಹುಚ್ಚಿನವರೊಬ್ಬರು ಹುಬ್ಬಳ್ಳಿಯಿಂದ ಬಂದಿದ್ದರು. ಹೊದಿಕೆ ಸರಿಸಿ, ನನ್ನನ್ನು ಸುತ್ತಿ ನೋಡಿ, ಒಳಗೆ ಹೋಗಿ, ಗಾಡಿ ಕೊಡುತ್ತೀರಾ ಎಂದು ಸೋಪಾನರಾವ್ ಅವರನ್ನು ಕೇಳಿದರು. ನಾನು ಕಿವಿಗೊಟ್ಟೆ. ಮಷಿನ್ ನಿಲ್ಲಲಿಲ್ಲ.

“ನನ್ನ ಯಾಕ ಕೇಳ್ತೀರಿ? ನಾ ಹಿಂದ ಕುಂದ್ರಾಂವ. ಗಾಡಿ ಆಕಿದು.”

ವೇಣುಬಾಯಿ ಕೊಡೂದಿಲ್ರೀ ಎಂದು ಒಳಗಿನಿಂದಲೇ ಹೇಳಿದರು. ಬಂದವರಿಗೆ ಚಹಾ ಕೊಟ್ಟು ಕಳಿಸಿದರು.