ಕಂಡಕ್ಟರಮ್ಮನ ಸೀಟಿ ಕಾಡಿಗೆ ಹೋದದ್ದು

ನಾನು ಒಂದು ಹಿತ್ತಾಳೆ ಸೀಟಿ. ಹೊಟ್ಟೆಯೊಳಗೆ ಬೆಂಡಿನ ಒಂದು ಗುಂಡು, ಬೆನ್ನಿನ ಮೇಲೆ ದಾರಕ್ಕೊಂದು ಬಳೆ, ಅಷ್ಟೇ ನನ್ನ ಆಸ್ತಿ. ಗಾತ್ರ ನೋಡಿ ನಗಬೇಡಿ. ನನ್ನನ್ನು ಮಾಡಿದವನು ಮೊದಲ ಸಲ ಊದಿದಾಗ ಪಕ್ಕದ ಅಂಗಡಿಯವನು ಕೈಲಿದ್ದ ಕಾಫಿಯನ್ನು ಮೈಮೇಲೆ ಚೆಲ್ಲಿಕೊಂಡ. ಆವತ್ತಿನಿಂದ ನನಗೆ ಸ್ವಲ್ಪ ಜಂಬ.

ನನ್ನನ್ನು ಮೊದಲು ಕೊಂಡವರು ಹುಣಸೂರಿನ ಒಬ್ಬ ಡ್ರಿಲ್ ಮೇಷ್ಟ್ರು. ಅವರ ಬಾಯಿತುಂಬ ಎಲೆಅಡಿಕೆ ವಾಸನೆ, ಹೇಗೋ ಸಹಿಸಿಕೊಂಡೆ. ಮಗಳು ಚಿಕ್ಕತಾಯಮ್ಮನಿಗೆ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಸಿಕ್ಕಿದ ದಿನ ಅವರು ನನ್ನನ್ನು ಅಂಗಿಗೆ ಒರೆಸಿ ಅವಳ ಕೊರಳಿಗೆ ಹಾಕಿದರು. ಅಬ್ಬಬ್ಬಾ, ಏನು ಉಸಿರು ಅವಳದು! ಇಡೀ ಬಸ್ ಸ್ಟ್ಯಾಂಡೇ ತಿರುಗಿ ನೋಡುತ್ತಿತ್ತು.

ಇಪ್ಪತ್ತೆರಡು ವರ್ಷ ಒಂದೇ ರೂಟು, ಒಬ್ಬರೇ ಡ್ರೈವರು, ದಸ್ತಗೀರ್ ಸಾಬ್ರು. ರೂಟಿನ ನಡುವೆ ಕಾಡು ಬರುತ್ತಿತ್ತು. ಅಲ್ಲಿ ಹತ್ತುವವರಿಲ್ಲ, ಇಳಿಯುವವರಿಲ್ಲ. ತಾಯಮ್ಮ ಟಿಕೆಟ್ ಕೊಡುವುದನ್ನು ನಿಲ್ಲಿಸಿ ಕಿಟಕಿಯಾಚೆ ನೋಡುವಳು. ಒಂದು ಕಾಲುದಾರಿ ಮರಗಳ ಸಂದಿಯಲ್ಲಿ ಒಳಗೆ ಹೋಗಿ ಹಸಿರಿನಲ್ಲಿ ಕರಗಿಬಿಡುತ್ತಿತ್ತು.

"ಒಂದಿನ ಇಲ್ಲಿ ಇಳೀಬೇಕು ಸಾಬ್ರೆ."

"ಟೈಮೆಲ್ಲೈತೆ ತಾಯಮ್ನೋರೆ?"

ನಿವೃತ್ತಿಯಾಗಿ ಟೈಮು ಬಂತು, ಉಸಿರು ಹೋಯಿತು. ಧೂಳು ಕುಡಿದ ಎದೆಗೆ ಉಬ್ಬಸ ಹಿಡಿಯಿತು. ನಾನು ಗೋಡೆಯ ಮೊಳೆ ಸೇರಿದೆ. ಮಗಳು ಪಂಕಜ ಅಮ್ಮನನ್ನು ಬಾಗಿಲು ದಾಟಲು ಬಿಡಳು. ಕೊನೆಗೆ ಡಾಕ್ಟರೇ, ನೆರಳಿನಲ್ಲಿ ನಿಧಾನವಾಗಿ ನಡೆಯಿರಿ ಎಂದರು. ತಾಯಮ್ಮ ಆ ಕಾಲುದಾರಿಯ ಮಾತೆತ್ತಿದಳು. ಈಗ ಅರಣ್ಯ ಇಲಾಖೆಯವರು ಅದನ್ನು ಜನರ ನಡಿಗೆಗೆ ಬಿಟ್ಟಿದ್ದಾರೆ. ಏರಿಲ್ಲ, ಉದ್ದಕ್ಕೂ ನೆರಳು, ಕೊನೆಗೊಂದು ಹಳ್ಳ.

"ಒಂದೇ ಸಲ ನೋಡು. ಅಲ್ಲೇನಾದ್ರೂ ಉಸಿರು ಕಟ್ತು ಅಂದ್ರೆ, ಆಮೇಲೆ ಈ ಜಗಲಿ ಬಿಟ್ಟು ಅಲ್ಲಾಡೋ ಹಂಗಿಲ್ಲ ನೀನು" ಎಂದಳು ಪಂಕಜ. ತಾಯಮ್ಮ ನನ್ನನ್ನು ಮುಟ್ಟಿ ಆಣೆ ಮಾಡಿದಳು. ದೇವರ ಪಟ ಪಕ್ಕದಲ್ಲೇ ಇತ್ತು, ಪಾಪ.

ವಾರವೆಲ್ಲ ತಯಾರಿ. ಸಾಬ್ರು ಮೊದಲೇ ಹೋಗಿ ದಾರಿ ನಡೆದು ನೋಡಿ ಬಂದರು. ಅವರು ಹೇಳಿದ್ದನ್ನು ತಾಯಮ್ಮ ಕ್ಯಾಲೆಂಡರ್ ಹಾಳೆಯ ಹಿಂದೆ ಬಸ್ಸಿನ ಟೈಮ್‌ಟೇಬಲ್ಲಿನಂತೆ ಬರೆದಳು. ಎಂಟು ಹತ್ತಕ್ಕೆ ಗೇಟು, ಎಂಟೂವರೆಗೆ ಹೊನ್ನೆಮರ, ಒಂಬತ್ತಕ್ಕೆ ಹುತ್ತದ ತಿರುವು, ಒಂಬತ್ತೂ ಇಪ್ಪತ್ತಕ್ಕೆ ಹಳ್ಳ. ಆ ಟೈಮು ಸಾಬ್ರ ಕಾಲಿನದು, ತಾಯಮ್ಮನ ಎದೆಯದಲ್ಲ. ನನಗೆ ಗೊತ್ತಿತ್ತು. ಆದರೆ ಯಾರೂ ಊದದೆ ನಾನು ಹೇಗೆ ಬಾಯಿಬಿಡಲಿ?

ಭಾನುವಾರ ತಾಯಮ್ಮ ನನ್ನನ್ನು ಮೊಳೆಯಿಂದಿಳಿಸಿ ಕೊರಳಿಗೆ ಹಾಕಿಕೊಂಡಳು. ಗೇಟಿನಲ್ಲಿ ಗಾರ್ಡು ಹೆಸರು, ಊರು, ವಯಸ್ಸು ಬರೆದುಕೊಳ್ಳುವಷ್ಟರಲ್ಲಿ ಹತ್ತು ನಿಮಿಷ ಲೇಟು. "ಕವರ್ ಮಾಡ್ಬೇಕು ಸಾಬ್ರೆ, ನಡೀರಿ" ಎಂದಳು ತಾಯಮ್ಮ. ಇಬ್ಬರೂ ಬಿರಬಿರನೆ ಹೊರಟರು. ಅಯ್ಯೋ ಮಂಕುಗಳೇ, ಇಲ್ಲಿ ಯಾವ ಪ್ಯಾಸೆಂಜರು ನಿಮಗಾಗಿ ಕಾಯುತ್ತಿದ್ದಾನೆ?

ಕಾಡಿಗೆ ಅವಸರವಿರಲಿಲ್ಲ. ಎಲೆಗಳಿಂದ ಸೋಸಿ ಬಂದ ಬಿಸಿಲು ನೆಲದ ಮೇಲೆ ಮೆಲ್ಲಗೆ ಅಲ್ಲಾಡುತ್ತಿತ್ತು. ಮರಕುಟಿಗ ಟಕಟಕ ಎಂದು, ಏನೋ ನೆನಪಾದಂತೆ ಸುಮ್ಮನಾಗುತ್ತಿತ್ತು. ನನಗೆ ತೂಕಡಿಕೆ ಬಂತು. ಅಷ್ಟರಲ್ಲಿ ನಾನು ಒರಗಿದ್ದ ಎದೆ ಏದುಸಿರು ಬಿಡತೊಡಗಿತು. ಹೊನ್ನೆಮರ ದಾಟಿತ್ತು, ಹುತ್ತ ಇನ್ನೂ ಕಂಡಿರಲಿಲ್ಲ. ಸಾಬ್ರು ಮುಂದೆ ನಡೆದು ಗಿಡಗಳ ಮರೆಗೆ ಹೋಗಿದ್ದರು. ಕೂಗಲು ತಾಯಮ್ಮನಿಗೆ ದನಿಯಿಲ್ಲ. ನನ್ನನ್ನು ಬಾಯಿಗಿಟ್ಟಳು. ಬಂದದ್ದು ಸೀಟಿಯಲ್ಲ, ಬರೀ ಗಾಳಿ. ಹೊಟ್ಟೆಯ ಗುಂಡು ಕೂಡ ಅಲುಗಲಿಲ್ಲ. ನನ್ನ ಜನ್ಮದಲ್ಲೇ ಅಷ್ಟು ಹೆದರಿರಲಿಲ್ಲ.

ಸಾಬ್ರು ಓಡಿ ಬಂದರು. ಚೀಲದಿಂದ ಔಷಧಿ ತೆಗೆದುಕೊಟ್ಟರು. ಅದನ್ನು ಬಾಯಿಗಿಟ್ಟು ಎಳೆದುಕೊಂಡು, ಮರಕ್ಕೊರಗಿ, ಎಷ್ಟೋ ಹೊತ್ತಿನ ಮೇಲೆ ತಾಯಮ್ಮ ಕೇಳಿದಳು:

"ಕೇಳಿಸ್ತಾ ನಿಮ್ಗೆ?"

"ಕೇಳಿಸ್ತೋ ಇಲ್ವೋ ಗೊತ್ತಿಲ್ಲ ತಾಯಮ್ನೋರೆ. ಕಾಲು ತಾನಾಗೇ ಬ್ರೇಕ್ ಹಾಕ್ತು. ಹಳ್ಳ ಇನ್ನೊಂದು ಅರ್ಧಗಂಟೆ ಅಷ್ಟೇ. ಹೋಗಾಣ್ವಾ?"

"ಬ್ಯಾಡ. ಇಲ್ಲೇ ಕೂತಿರಾಣ."

ಕೂತರು. ಇಪ್ಪತ್ತೆರಡು ವರ್ಷ ಹಿಂದಕ್ಕೆ ಓಡುತ್ತಿದ್ದ ಮರಗಳು ಇವತ್ತು ನಿಂತಿದ್ದವು. ಒಂದು ಚಿಟ್ಟೆ ನನ್ನ ಮೇಲೆ ಕೂತು ರೆಕ್ಕೆ ಮಡಚಿತು. ತಾಯಮ್ಮನ ಉಸಿರು ತೊಟ್ಟಿಲು ತೂಗಿದಂತೆ ಏರಿ ಇಳಿಯತೊಡಗಿತು. ಎಚ್ಚರವೋ ನಿದ್ದೆಯೋ ನನಗೇ ತಿಳಿಯಲಿಲ್ಲ. ಸುಖವಾಗಿತ್ತು.

ವಾಪಸು ಬರುವಾಗ ಸಾಬ್ರು, "ಪಂಕಜಮ್ಮಂಗೆ ಏನೂ ಆಗ್ಲಿಲ್ಲ ಅಂದ್ಬಿಡಿ" ಎಂದರು. ತಾಯಮ್ಮ ಕ್ಯಾಲೆಂಡರ್ ಹಾಳೆಯನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡಳು.

ಪಂಕಜ ಬಾಗಿಲಲ್ಲೇ ನಿಂತಿದ್ದಳು. "ಉಸಿರು ಕಟ್ತಾ?"

ಸುಳ್ಳು ಹೇಳಮ್ಮಾ, ಹೇಳಿಬಿಡು ಎಂದು ನಾನು ಒಳಗೇ ಬೇಡಿಕೊಂಡೆ.

"ಕಟ್ತು ಕಣೆ. ಓಡಿದ್ದಕ್ಕೆ ಕಟ್ತು. ನಿಂತೆ, ಬಂತು. ಹಳ್ಳ ಸಿಗ್ಲಿಲ್ಲ."

ಪಂಕಜ ಅಮ್ಮನ ಮುಖವನ್ನೇ ನೋಡಿದಳು. ಆಮೇಲೆ ಕೈನೀಡಿ ಆ ಕ್ಯಾಲೆಂಡರ್ ಹಾಳೆ ಇಸಿದುಕೊಂಡು, ಪೆನ್ನಿನಿಂದ ಗಂಟೆಗಳನ್ನೆಲ್ಲ ಹೊಡೆದುಹಾಕಿದಳು. ಮರ, ತಿರುವು, ಹಳ್ಳ ಮಾತ್ರ ಉಳಿದವು. "ಬರೋ ವಾರ ಹೊನ್ನೆಮರದ ತಂಕ ಸಾಕು. ನಾನೂ ಬತ್ತೀನಿ" ಎಂದಳು.

ಈಗ ನನ್ನ ಹಿತ್ತಾಳೆ ಕಪ್ಪಾಗಿದೆ, ಗುಂಡು ಸವೆದಿದೆ. ಜೋರಾಗಿ ಕೂಗುವುದೇ ಬದುಕು ಅಂದುಕೊಂಡಿದ್ದೆ. ಈಗ ಯಾರೂ ಊದುವುದಿಲ್ಲ. ತಾಯಮ್ಮನ ಎದೆಯ ಮೇಲೆ ಮಲಗಿ ಅವಳ ಉಸಿರು ಕೇಳುತ್ತಿರುತ್ತೇನೆ. ನಾಲ್ಕನೆಯ ತಿಂಗಳಲ್ಲಿ ಹಳ್ಳ ಮುಟ್ಟಿದೆವು. ತಾಯಮ್ಮ ನೀರಿಗೆ ಕಾಲಿಳಿಬಿಟ್ಟು ಕೂತಳು, ಮಗಳು ಪಕ್ಕದಲ್ಲಿ ಕೂತಳು. ಗಂಟೆ ಎಷ್ಟಾಗಿತ್ತೋ, ಸಾಬ್ರು ಕೂಡ ನೋಡಲಿಲ್ಲ.