ನಲವತ್ತೈದು ನಿಮಿಷದ ದಾರಿ

ನಾಗಲಿಂಗಮ್ಮ ಅತ್ತೆ ಕಲಬುರಗಿಯಲ್ಲಿ ಬೆಳಗಿನ ಆರಕ್ಕೆ ತೀರಿಕೊಂಡರು. ಅವರ ಮಗ ಕೊಟ್ರಬಸಪ್ಪ ಭಾವ ಫೋನ್ ಮಾಡಿ, ಮಣ್ಣು ಮಾಡುವುದನ್ನು ಎಷ್ಟಕ್ಕೆ ಇಟ್ಟುಕೊಳ್ಳೋಣ ಎಂದು ಕೇಳಿದರು. ತವರಿನ ಸೀರೆ ಉಡಿಸದೆ ನಮ್ಮಲ್ಲಿ ಹೆಣ್ಣುಮಗಳ ಹೆಣ ಎತ್ತುವುದಿಲ್ಲ. ತವರೆಂದರೆ ಹಗರಿಬೊಮ್ಮನಹಳ್ಳಿಯ ನಾವೇ. ನಮ್ಮಪ್ಪ ಉಜ್ಜಿನಪ್ಪ ಅತ್ತೆಗೆ ಒಬ್ಬನೇ ತಮ್ಮ.

ಕಾರಿನಲ್ಲಿ ಆರೂವರೆ ತಾಸು. ನಾನು ಮೊಬೈಲಿನಲ್ಲಿ ಹುಡುಕಿದೆ. ತೋರಣಗಲ್ಲಿನ ವಿಮಾನ ನಿಲ್ದಾಣದಿಂದ ಕಲಬುರಗಿ ನಿಲ್ದಾಣಕ್ಕೆ ದೂರ ಇನ್ನೂರ ನಲವತ್ತು ಕಿಲೋಮೀಟರ್, ಹಾರಾಟದ ಸಮಯ ನಲವತ್ತೈದು ನಿಮಿಷ ಎಂದು ಬಂತು. ಟಿಕೆಟ್ ಮಾತ್ರ ಎಲ್ಲೂ ಕಾಣಲಿಲ್ಲ. ಬಸ್ ಸ್ಟ್ಯಾಂಡಿನ ಹಾಗೆ ಅಲ್ಲೇ ಕೊಡಬಹುದು ಅಂದುಕೊಂಡೆ. ಅನುಮಾನವಿತ್ತು, ಹೇಳಲಿಲ್ಲ.

"ಒಂದಕ್ಕೆಲ್ಲ ಬರ್ತೀವಿ ಭಾವ" ಎಂದೆ. ಮಣ್ಣು ಮೂರಕ್ಕೆ ಎಂದು ಅವರು ಎಲ್ಲರಿಗೂ ಹೇಳಿಕಳಿಸಿದರು.

ಹತ್ತೂವರೆಗೆ ತೋರಣಗಲ್ಲು ಮುಟ್ಟಿದೆವು. ಗೇಟಿನ ಕಾವಲುಗಾರ ನನ್ನ ಮೊಬೈಲ್ ನೋಡಿ ನಕ್ಕ.

"ಇದು ಬರೇ ದೂರದ ಲೆಕ್ಕ ಐತ್ರಿ. ಯಾವ ಎರಡು ಊರು ಹಾಕಿದ್ರೂ ತೋರಸ್ತೈತಿ. ಇಲ್ಲಿಂದ ಕಲಬುರ್ಗಿಗೆ ವಿಮಾನನ ಇಲ್ಲ."

ಅಪ್ಪ ಸೀರೆಯ ಚೀಲ ಎದೆಗೆ ಒತ್ತಿಕೊಂಡು ನಿಂತಿದ್ದ. "ಹದ್ದು ಹಾರೋ ಲೆಕ್ಕ ಹಿಡಕೊಂಡು ನನ್ನ ಇಲ್ಲಿತನಕ ತಂದ್ಯೇನಲೇ? ಸೀದಾ ಹೋಗಿದ್ರ ಮೂರಕ್ಕ ಅಲ್ಲಿರ್ತಿದ್ವಿ!"

"ಬೈಯೋದು ಕಾರಿನ್ಯಾಗ ಬೈರಿ ಯಜಮಾನ್ರ, ಹೊತ್ತಾಕ್ಕೈತಿ" ಎಂದ ಬಾಡಿಗೆ ಕಾರಿನ ಹುಲುಗೇಶ.

"ಮೊದ್ಲು ಕೊಟ್ರಬಸಪ್ಪಗ ಫೋನ್ ಹಚ್ಚು. ಬಂದ ದಾರೀಲೇ ತಿರುಗಿ ಕಾರಿನ್ಯಾಗ ಬರಾಕತ್ತೀವಿ, ಏಳಾಕ್ಕೈತಿ, ಎತ್ತಬ್ಯಾಡ್ರಿ ಅನ್ನು" ಎಂದು ಅಪ್ಪ ಕಾರು ಹತ್ತಿದ.

ನಾನು ಗೇಟಿನ ಬಳಿಯೇ ನಿಂತು ಫೋನ್ ಹಚ್ಚಿದೆ. ಭಾವನ ಹಿಂದೆ ಹೆಂಗಸರ ಅಳು ಕೇಳುತ್ತಿತ್ತು. ಇಲ್ಲದ ವಿಮಾನಕ್ಕೆ ಬಂದೆವು ಎಂದು ಹೇಳಲು ನಾಲಿಗೆ ಹೊರಳಲಿಲ್ಲ. "ವಿಮಾನ ಲೇಟ್ ಐತಿ ಭಾವ. ನಾಲ್ಕಕ್ಕ ಬರ್ತೀವಿ" ಎಂದುಬಿಟ್ಟೆ. ದಾರಿಯಲ್ಲಿ ಸರಿಮಾಡೋಣ ಅಂದುಕೊಂಡೆ. ದಾರಿಯುದ್ದಕ್ಕೂ ಅಪ್ಪ ಬೈಯುತ್ತಲೇ ಇದ್ದ. ಅವನ ಮುಂದೆ ಫೋನ್ ಮಾಡುವ ಧೈರ್ಯ ಬರಲಿಲ್ಲ. ಭಾವನ ಫೋನು ಬಂದಾಗಲೆಲ್ಲ ಕಟ್ ಮಾಡಿದೆ.

ಏಳಕ್ಕೆ ಹೋದಾಗ ಅಂಗಳ ತೊಳೆದಿತ್ತು. ಐದೂವರೆಗೆ ಮಣ್ಣು ಮಾಡಿ ಬಂದಿದ್ದರು.

ಅಪ್ಪ ಭಾವನ ಅಂಗಿಯ ಕೊರಳಪಟ್ಟಿ ಹಿಡಿದ. "ನಿಮ್ಮವ್ವಗ ತವರು ಸತ್ತಿತ್ತೇನಲೇ? ಏಳಕ್ಕ ಬರ್ತೀವಿ ಅಂದ್ರ ಒಂದೂವರೆ ತಾಸು ಕಾಯಾಕ ಆಗಲಿಲ್ಲೇನು? ಯಾರ್ದರ ಸೀರಿ ಸುತ್ತಿ ಇಟ್ಟುಬಂದ್ಯೇನು?"

"ಯಾವ ಏಳು ಮಾವ? ವಿಮಾನ ಲೇಟ್, ನಾಲ್ಕಕ್ಕ ಬರ್ತೀವಿ ಅಂದ್ರಿ. ಐದೂವರಿ ತನ ಕಾದೆ. ಫೋನ್ ಎತ್ತಲಿಲ್ಲ. ಅವ್ವ ತವರಿನವರಿಗೆ ಬ್ಯಾಡಾದ್ಲು ಅಂತ ಮಂದಿ ನನ್ನ ಮುಖಕ್ಕ ಉಗಿದ್ರು!" ಎಂದರು ಭಾವ.

ಅಪ್ಪನ ಕೈ ಮತ್ತೂ ಬಿಗಿಯಾಯಿತು. ಭಾವ ಸುಳ್ಳು ಹೇಳುತ್ತಿದ್ದಾರೆ ಎಂದೇ ಅವನು ನಂಬಿದ್ದ. ನಾನು ಸುಮ್ಮನಿದ್ದರೆ ಅದು ಹಾಗೆಯೇ ಉಳಿಯುತ್ತಿತ್ತು.

"ಭಾವನ್ನ ಬಿಡಪ್ಪ. ವಿಮಾನ ಲೇಟ್ ಅಂದಾಂವ ನಾನು. ಫೋನ್ ಕಟ್ ಮಾಡಿದ್ದೂ ನಾನ."

ಅಪ್ಪ ಕೈಬಿಟ್ಟ. ಹೊಡೆಯುತ್ತಾನೆ ಎಂದು ಕಣ್ಣು ಮುಚ್ಚಿದೆ. ಹೊಡೆಯಲಿಲ್ಲ. ಸೀರೆಯ ಚೀಲ ನನ್ನ ಎದೆಗೆ ಎಸೆದ.

"ನೀನ ಹೋಗಿ ಆಕಿ ಮಣ್ಣಿನ ಮ್ಯಾಲ ಹಾಕಿ ಬಾ. ನಮ್ಮಪ್ಪನ ವಿಮಾನ ಲೇಟ್ ಆಗಿತ್ತು ಅಂತ ಆಕಿಗೂ ಹೇಳು."

ಸ್ಮಶಾನದ ದಾರಿ ಯಾವುದು ಎಂದು ಭಾವನನ್ನು ಕೇಳಿದೆ. ಅವರು ತಿರುಗಿ ಒಳಗೆ ಹೋದರು.